ಮೆಲನೋಮಕ್ಕೆ ವೈರಸ್, ಬ್ಯಾಕ್ಟೀರಿಯಾ ಚಿಕಿತ್ಸೆ: ನಿಜವಾಗಿ ಎಷ್ಟು ಕೆಲಸ ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ?

ಕೋಶಕುತೂಹಲಿ (ಪ್ರಶ್ನೆ)

ಚರ್ಮದ ಕ್ಯಾನ್ಸರಿಗೆ, ಅದರಲ್ಲೂ ಮೆಲನೋಮಕ್ಕೆ, ಸೂಕ್ಷ್ಮಜೀವಿಗಳನ್ನೇ ಮದ್ದಾಗಿ ಬಳಸುವುದರ ಬಗ್ಗೆ ತಿಳಿದವರಿಂದ ವಿವರ ಬೇಕಿದೆ. ಟಿ-ವೆಕ್ ಎಂಬ ಮಾರ್ಪಡಿಸಿದ ಹರ್ಪಿಸ್ ವೈರಸ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟಿದೆ. ಅದರ ಬಗ್ಗೆ ಬರುವ ಬರಹಗಳೆಲ್ಲ "ವೈರಸ್ ಕ್ಯಾನ್ಸರ್ ಕೋಶಗಳನ್ನು ಒಡೆದು ಹಾಕುತ್ತದೆ" ಎಂಬ ಸಾಲಿಗೆ ನಿಂತುಬಿಡುತ್ತವೆ. ನನಗೆ ತಿಳಿಯಬೇಕಾದದ್ದು ಇಷ್ಟು:

ಒಳ್ಳೆಯ ಕೋಶಗಳನ್ನು ಬಿಟ್ಟು ಗಡ್ಡೆಯ ಕೋಶಗಳಲ್ಲಷ್ಟೇ ಅದು ಬೆಳೆಯುವುದು ಹೇಗೆ? ಮೊದಲ ಡೋಸ್ ನಂತರದ ಡೋಸ್‌ಗಿಂತ ನೂರು ಪಟ್ಟು ತೆಳು ಇರುವುದೇಕೆ? ಮದ್ದು ಚುಚ್ಚದ ಗಂಟುಗಳೂ ಕರಗುತ್ತವೆ ಎನ್ನುವುದು ಎಷ್ಟರ ಮಟ್ಟಿಗೆ ನಿಜ? ಬ್ಯಾಕ್ಟೀರಿಯಾ ಬಳಸುವ ಪ್ರಯತ್ನಗಳು ಎಲ್ಲಿಗೆ ಬಂದಿವೆ?

ಆಂಕೊ_ಫಾರ್ಮಸಿ

ಮೊದಲ ಎರಡು ಪ್ರಶ್ನೆಗಳಿಗೆ ಮತ್ತು ಔಷಧಿಯನ್ನು ಕೈಗೆತ್ತಿಕೊಳ್ಳುವ ಕ್ರಮಕ್ಕೆ ನಾನು ಉತ್ತರಿಸುತ್ತೇನೆ. ಫಲಿತಾಂಶದ ಬಗ್ಗೆ ರೋಗಿಗಳನ್ನು ನೋಡುವವರು ಹೇಳಲಿ.

ಟಿ-ವೆಕ್‌ನ ಮೂಲ ಎಚ್‌ಎಸ್‌ವಿ-1, ಅಂದರೆ ತುಟಿಯಂಚಿನಲ್ಲಿ ನೀರುಗುಳ್ಳೆ ಎಬ್ಬಿಸುವ ವೈರಸ್. ಅದರಲ್ಲಿ ಎರಡು ಜೀನ್‌ಗಳನ್ನು ತೆಗೆದು ಒಂದನ್ನು ಸೇರಿಸಿದ್ದಾರೆ. ಯಾವುದೇ ವೈರಸ್ ಒಳನುಗ್ಗಿದಾಗ ಆರೋಗ್ಯವಂತ ಕೋಶದ ಪಿಕೆಆರ್ ಎಂಬ ಕಿಣ್ವ ಎಚ್ಚೆತ್ತು ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸುತ್ತದೆ. ಕೋಶ ಸತ್ತರೂ ಸರಿ, ವೈರಸ್ ಮರಿ ಹಾಕಬಾರದು ಎಂಬುದು ಅದರ ಲೆಕ್ಕ. ಕಾಡು ಹರ್ಪಿಸ್ ವೈರಸ್ ಐಸಿಪಿ34.5 ಎಂಬ ಪ್ರೋಟೀನ್ ಬಳಸಿ ಈ ತಡೆಯನ್ನು ತೆಗೆದುಹಾಕುತ್ತದೆ. ಟಿ-ವೆಕ್‌ನಲ್ಲಿ ಈ ಜೀನಿನ ಎರಡೂ ಪ್ರತಿಗಳಿಲ್ಲ. ಹಾಗಾಗಿ ಆರೋಗ್ಯವಂತ ಕೋಶದೊಳಗೆ ಹೋದರೂ ಅದು ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಬಹಳಷ್ಟು ಕ್ಯಾನ್ಸರ್ ಕೋಶಗಳಲ್ಲಿ ಪಿಕೆಆರ್ ಮತ್ತು ವೈರಸ್ ಬಂದಾಗ ಎಚ್ಚರಿಸುವ ಇಂಟರ್‌ಫೆರಾನ್ ವ್ಯವಸ್ಥೆ ಮೊದಲೇ ಕೆಟ್ಟಿರುವುದರಿಂದ ಅಲ್ಲಿ ಅಡ್ಡಿಯಿಲ್ಲದೆ ಬೆಳೆಯುತ್ತದೆ. ಗಮನಿಸಿ, ವೈರಸ್ ಕ್ಯಾನ್ಸರನ್ನು "ಹುಡುಕಿಕೊಂಡು" ಹೋಗುವುದಿಲ್ಲ. ಎರಡೂ ಬಗೆಯ ಕೋಶಗಳ ಒಳಗೆ ಹೋಗುತ್ತದೆ, ಒಂದರಲ್ಲಿ ಮಾತ್ರ ಬದುಕುತ್ತದೆ.

ತೆಗೆದ ಎರಡನೆಯ ಜೀನ್ ಐಸಿಪಿ47. ಸೋಂಕಿತ ಕೋಶವು ತನ್ನೊಳಗಿನ ಪ್ರೋಟೀನ್ ತುಣುಕುಗಳನ್ನು ಮೇಲ್ಮೈಗೆ ತಂದು ಟಿ ಕೋಶಗಳಿಗೆ (ಸೋಂಕಿತ ಕೋಶಗಳನ್ನು ಕೊಲ್ಲುವ ಬಿಳಿ ರಕ್ತಕಣಗಳು) ತೋರಿಸುವುದನ್ನು ಇದು ತಡೆಯುತ್ತಿತ್ತು. ಆ ತಡೆ ಹೋದರೆ ಗಡ್ಡೆಯ ಗುರುತುಗಳೂ ಹೊರಗೆ ಕಾಣಿಸಿಕೊಳ್ಳುತ್ತವೆ. ಸೇರಿಸಿದ್ದು ಮನುಷ್ಯರ ಜಿಎಂ-ಸಿಎಸ್‌ಎಫ್ (ರಕ್ಷಣಾ ಕೋಶಗಳನ್ನು ಬೆಳೆಸುವ ಪ್ರೋಟೀನ್) ಜೀನ್, ಗಡ್ಡೆಯ ಗುರುತುಗಳನ್ನು ಟಿ ಕೋಶಗಳಿಗೆ ತೋರಿಸಿಕೊಡುವ ಡೆಂಡ್ರೈಟಿಕ್ ಕೋಶಗಳನ್ನು ಅಲ್ಲಿಗೆ ಕರೆತರಲು. ನನ್ನ ಮಟ್ಟಿಗೆ ಈ ಮದ್ದಿನ ಜೀವಾಳ ಇರುವುದು ಪ್ರತಿರಕ್ಷೆಯನ್ನು ಎಬ್ಬಿಸುವ ಈ ಎರಡನೆಯ ಅರ್ಧದಲ್ಲಿ. ಕೋಶ ಒಡೆಯುವುದು ಆರಂಭ ಮಾತ್ರ.

ಡೋಸ್ ವಿಷಯ. ಮೊದಲ ಭೇಟಿಯಲ್ಲಿ ಮಿಲಿಲೀಟರಿಗೆ 10 ಲಕ್ಷ ಪಿಎಫ್‌ಯು (ಸೋಂಕು ತರಬಲ್ಲ ವೈರಸ್ ಕಣಗಳ ಲೆಕ್ಕ), ಮೂರು ವಾರ ಬಿಟ್ಟು ಎರಡನೆಯದು ಮಿಲಿಲೀಟರಿಗೆ 10 ಕೋಟಿ, ಆಮೇಲೆ ಅದೇ ಸಾಂದ್ರತೆಯಲ್ಲಿ ಎರಡು ವಾರಕ್ಕೊಮ್ಮೆ. ಹಿಂದೆಂದೂ ಹರ್ಪಿಸ್ ತಗುಲದವರಿಗೆ ನೇರವಾಗಿ ಹೆಚ್ಚಿನ ಸಾಂದ್ರತೆ ಕೊಟ್ಟರೆ ಜ್ವರ, ಚಳಿ, ಚುಚ್ಚಿದ ಜಾಗದ ಊತ ಜೋರಾಗುತ್ತದೆ. ತೆಳು ಡೋಸ್ ಕೊಟ್ಟು ಮೂರು ವಾರ ಕಾದರೆ ದೇಹದಲ್ಲಿ ಪ್ರತಿಕಾಯಗಳು ಹುಟ್ಟಿರುತ್ತವೆ. ಆ ಮೂರು ವಾರದ ಬಿಡುವನ್ನು ಕಡಿಮೆ ಮಾಡಬಾರದು.

ಒಂದು ಭೇಟಿಗೆ ಎಲ್ಲ ಗಂಟುಗಳಿಗೂ ಸೇರಿ ಗರಿಷ್ಠ 4 ಮಿಲಿ. ಗಂಟಿನ ಉದ್ದಳತೆ 5 ಸೆಂಮೀ ದಾಟಿದ್ದರೆ 4 ಮಿಲಿವರೆಗೆ, 2.5ರಿಂದ 5 ಸೆಂಮೀ ಇದ್ದರೆ 2 ಮಿಲಿವರೆಗೆ, 1.5ರಿಂದ 2.5 ಇದ್ದರೆ 1 ಮಿಲಿ, 0.5ರಿಂದ 1.5 ಇದ್ದರೆ 0.5 ಮಿಲಿ, ಅದಕ್ಕಿಂತ ಚಿಕ್ಕದಕ್ಕೆ 0.1 ಮಿಲಿ. ಒತ್ತಾಗಿರುವ ಗಂಟುಗಳನ್ನು ಒಂದೇ ಗಂಟೆಂದು ಎಣಿಸಬೇಕು. ಮೊದಲ ಸಲ ದೊಡ್ಡದರಿಂದ ಶುರು. ಮುಂದಿನ ಭೇಟಿಗಳಲ್ಲಿ ಹೊಸದಾಗಿ ಎದ್ದವಕ್ಕೆ ಮೊದಲು, ಉಳಿದದ್ದು ದೊಡ್ಡವಕ್ಕೆ.

ಔಷಧಿ ಹಾಳಾಗುವುದು ಹೆಚ್ಚಾಗಿ ಫ್ರೀಜರ್ ಮತ್ತು ಸಿರಿಂಜಿನ ನಡುವೆ. ಸಂಗ್ರಹ ಮೈನಸ್ 90ರಿಂದ ಮೈನಸ್ 70 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬಳಸುವ ಮುನ್ನ ಕೋಣೆಯ ಉಷ್ಣತೆಯಲ್ಲಿ, ಅಂದರೆ 20ರಿಂದ 25 ಡಿಗ್ರಿಯಲ್ಲಿ, ಸುಮಾರು 30 ನಿಮಿಷ ಕರಗಲು ಬಿಡಬೇಕು. ಬಿಸಿನೀರಿನಲ್ಲಿಡಬಾರದು, ಕುಲುಕಬಾರದು, ಮೆಲ್ಲಗೆ ತಿರುಗಿಸಿದರೆ ಸಾಕು. ಈ ವೈರಸ್‌ಗೆ ಕೊಬ್ಬಿನ ಹೊದಿಕೆಯಿದೆ. ಮತ್ತೆ ಹೆಪ್ಪುಗಟ್ಟಿಸಿದರೆ ಆ ಹೊದಿಕೆ ಹರಿದು ಜೀವಂತ ಕಣಗಳ ಸಂಖ್ಯೆ ಬಿದ್ದುಹೋಗುತ್ತದೆ, ನೋಡಲು ಮಾತ್ರ ದ್ರವ ಮೊದಲಿನಂತೆಯೇ ಇರುತ್ತದೆ. ಆದ್ದರಿಂದ ಕರಗಿಸಿದ್ದನ್ನು ಹಿಂದಿರುಗಿ ಫ್ರೀಜರಿಗೆ ಹಾಕುವ ಮಾತೇ ಇಲ್ಲ. 10 ಲಕ್ಷದ ವಯಲ್‌ಗೆ ತಿಳಿ ಹಸಿರು ಮುಚ್ಚಳ, 10 ಕೋಟಿಯದಕ್ಕೆ ಗಾಢ ನೀಲಿ. ಇವೆರಡು ಅದಲುಬದಲಾಗದಂತೆ ಇಬ್ಬರು ಓದಿ ಖಾತ್ರಿ ಮಾಡಿಕೊಳ್ಳಲೇಬೇಕು. ಗರ್ಭಿಣಿಯರು ಮತ್ತು ರೋಗನಿರೋಧಕ ಶಕ್ತಿ ಕುಗ್ಗಿದ ಸಿಬ್ಬಂದಿ ಇದನ್ನು ತಯಾರಿಸಲೂ ಬಾರದು, ಚುಚ್ಚಲೂ ಬಾರದು.

ಚರ್ಮತಜ್ಞೆ

ಮೇಲಿನ ಉತ್ತರಕ್ಕೆ ಚುಚ್ಚುವ ಕ್ರಮವನ್ನು ಸೇರಿಸುತ್ತೇನೆ, ಏಕೆಂದರೆ ಎಷ್ಟೋ ಸಲ "ಮದ್ದು ಫಲಿಸಲಿಲ್ಲ" ಎನ್ನುವುದರ ಹಿಂದೆ ಮದ್ದು ಗಂಟಿನೊಳಗೆ ಸರಿಯಾಗಿ ಹರಡಿರುವುದೇ ಇಲ್ಲ.

ಚರ್ಮವನ್ನು ಆಲ್ಕೊಹಾಲಿನಿಂದ ಒರೆಸಿ ಪೂರ್ತಿ ಒಣಗಲು ಬಿಡಿ, ಹಸಿ ಆಲ್ಕೊಹಾಲು ವೈರಸ್ಸನ್ನೂ ಕೊಲ್ಲುತ್ತದೆ. ಮರಗಟ್ಟಿಸುವ ಮದ್ದು ಬೇಕಿದ್ದರೆ ಗಂಟಿನ ಸುತ್ತ ಮಾತ್ರ, ಗಂಟಿನೊಳಗೆ ಬೇಡ. ಸೂಜಿಯನ್ನು ಒಂದೇ ತೂತಿನಿಂದ ಒಳಗಿಟ್ಟು, ಪೂರ್ತಿ ಹೊರತೆಗೆಯದೆ, ಬೇರೆಬೇರೆ ದಿಕ್ಕಿಗೆ ತಿರುಗಿಸುತ್ತ ಸ್ವಲ್ಪ ಸ್ವಲ್ಪವೇ ಬಿಡುತ್ತ ಬರಬೇಕು. ಹಲವು ತೂತು ಮಾಡಿದರೆ ಮದ್ದು ಹೊರಕ್ಕೆ ಸೋರುತ್ತದೆ. ಗಟ್ಟಿ ಗಂಟಿನಲ್ಲಿ ಜೋರಾಗಿ ಒತ್ತಿದರೆ ಸಿರಿಂಜಿನ ಬುಡದಿಂದ ಚಿಮ್ಮಿ ಕಣ್ಣಿಗೆ ಬೀಳಬಹುದು, ಹಾಗಾಗಿ ಕಣ್ಣಿನ ರಕ್ಷಣೆ ಕಡ್ಡಾಯ. ಬಿದ್ದರೆ ಕನಿಷ್ಠ 15 ನಿಮಿಷ ಶುದ್ಧ ನೀರಿನಿಂದ ತೊಳೆಯಬೇಕು. ಸೂಜಿ ತೆಗೆದ ಮೇಲೆ ಅರ್ಧ ನಿಮಿಷ ಗಾಜ್ ಒತ್ತಿಹಿಡಿದು, ಗ್ಲೌಸ್ ಬದಲಿಸಿ, ಗಾಳಿಯಾಡದ ಡ್ರೆಸ್ಸಿಂಗ್ ಹಾಕಿ. ಅದು ಕನಿಷ್ಠ ಒಂದು ವಾರ ಇರಬೇಕು, ನೀರು ಒಸರುತ್ತಿದ್ದರೆ ಇನ್ನೂ ಹೆಚ್ಚು. ಬಿಚ್ಚಿದ ಡ್ರೆಸ್ಸಿಂಗನ್ನು ಚೀಲದಲ್ಲಿ ಮುಚ್ಚಿ ವಿಲೇವಾರಿ ಮಾಡಬೇಕು. ಮನೆಯವರು ಆ ಜಾಗ ಮುಟ್ಟಬಾರದು. ಮನೆಯಲ್ಲಿ ಹಸುಗೂಸು, ಗರ್ಭಿಣಿ ಅಥವಾ ಅಂಗ ಕಸಿ ಮಾಡಿಸಿಕೊಂಡವರಿದ್ದರೆ ಇದನ್ನು ಮೊದಲೇ ಮಾತಾಡಿಕೊಂಡಿರಬೇಕು.

ಹರ್ಪಿಸ್ ಸೋಂಕು ಕಾಣಿಸಿಕೊಂಡರೆ ಎಸೈಕ್ಲೊವಿರ್ ಕೆಲಸ ಮಾಡುತ್ತದೆ, ಏಕೆಂದರೆ ಆ ಔಷಧಿಗೆ ಬೇಕಾದ ಥೈಮಿಡಿನ್ ಕೈನೇಸ್ ಜೀನನ್ನು ವೈರಸ್‌ನಲ್ಲಿ ಹಾಗೇ ಬಿಟ್ಟಿದ್ದಾರೆ. ಮುನ್ನೆಚ್ಚರಿಕೆಯೆಂದು ಅದನ್ನು ಮೊದಲೇ ಶುರುಮಾಡಿದರೆ ಚಿಕಿತ್ಸೆಯ ವೈರಸ್ಸೇ ಸಾಯುತ್ತದೆ. ಬೇರೆ ಕಾರಣಕ್ಕೆ ಎಸೈಕ್ಲೊವಿರ್ ನುಂಗುತ್ತಿರುವವರನ್ನು ಚಿಕಿತ್ಸೆಗೆ ಮೊದಲು ತಪ್ಪದೆ ಕೇಳಬೇಕು.

ಈಗ ಫಲಿತಾಂಶ. ಒಪ್ಪಿಗೆಗೆ ಆಧಾರವಾದ ಆಪ್ಟಿಮ್ ಪ್ರಯೋಗದಲ್ಲಿ 436 ರೋಗಿಗಳಿದ್ದರು. ಹೋಲಿಕೆಗೆ ಇಟ್ಟದ್ದು ಚರ್ಮದಡಿ ಕೊಡುವ ಜಿಎಂ-ಸಿಎಸ್‌ಎಫ್. ಆರು ತಿಂಗಳಾದರೂ ಉಳಿದ ಪ್ರತಿಕ್ರಿಯೆ (ಗಂಟು ಕುಗ್ಗುವುದು ಅಥವಾ ಮಾಯವಾಗುವುದು) ಟಿ-ವೆಕ್ ಗುಂಪಿನಲ್ಲಿ 16.3%, ಇನ್ನೊಂದರಲ್ಲಿ 2.1%. ಒಟ್ಟು ಪ್ರತಿಕ್ರಿಯೆ 26.4% ಮತ್ತು 5.7%. ಬದುಕುಳಿದ ಕಾಲದ ಮಧ್ಯಾಂಕ 23.3 ತಿಂಗಳು ಮತ್ತು 18.9 ತಿಂಗಳು, ಆದರೆ ಪಿ ಮೌಲ್ಯ (ಬರೀ ಆಕಸ್ಮಿಕವಾಗಿಯೂ ಇಷ್ಟು ವ್ಯತ್ಯಾಸ ಕಾಣುವ ಸಾಧ್ಯತೆ) 0.051, ವಾಡಿಕೆಯ ಮಿತಿ 0.05ಕ್ಕಿಂತ ತುಸು ಮೇಲೆ. ಅಂದರೆ ಆಯುಷ್ಯ ಹೆಚ್ಚಿಸುತ್ತದೆ ಎಂದು ಸಾಬೀತಾಯಿತು ಅನ್ನಲು ಬರುವುದಿಲ್ಲ.

ಚುಚ್ಚದ ಗಂಟುಗಳ ಪ್ರಶ್ನೆಗೆ ಅದೇ ಪ್ರಯೋಗದಲ್ಲಿ ಉತ್ತರವಿದೆ. ಅರ್ಧಕ್ಕಿಂತ ಕಡಿಮೆ ಗಾತ್ರಕ್ಕೆ ಇಳಿದದ್ದು ಚುಚ್ಚಿದವುಗಳಲ್ಲಿ 64%, ಚುಚ್ಚದ ಚರ್ಮ ಮತ್ತು ದುಗ್ಧಗ್ರಂಥಿಯ ಗಂಟುಗಳಲ್ಲಿ 34%, ಶ್ವಾಸಕೋಶ, ಯಕೃತ್ತಿನಂಥ ಒಳ ಅಂಗಗಳ ಗಂಟುಗಳಲ್ಲಿ 15%. ಟಿ ಕೋಶಗಳು ಎಚ್ಚೆತ್ತು ಬೇರೆಡೆ ಹೋಗುತ್ತವೆ, ನಿಜ. ದೂರ ಹೋದಷ್ಟೂ ಪರಿಣಾಮ ತೆಳುವಾಗುತ್ತದೆ. ರೋಗ ಚರ್ಮ, ಚರ್ಮದಡಿ ಮತ್ತು ದುಗ್ಧಗ್ರಂಥಿಗಳಿಗೆ ಸೀಮಿತವಾಗಿದ್ದವರಿಗೇ ಲಾಭ ಹೆಚ್ಚು. 3ಬಿ ಮತ್ತು 3ಸಿ ಹಂತದವರಲ್ಲಿ, ಅಂದರೆ ಒಳ ಅಂಗಗಳಿಗೆ ಹರಡದವರಲ್ಲಿ, ಉಳಿಯುವ ಪ್ರತಿಕ್ರಿಯೆ 33% ಇತ್ತು. ಯಕೃತ್ತಿಗೆ ಹರಡಿದವರಿಗೆ ಇದೊಂದನ್ನೇ ನೆಚ್ಚಿಕೊಂಡು ತಿಂಗಳುಗಟ್ಟಲೆ ಕಳೆಯುವುದು ಸರಿಯಲ್ಲ.

ಇನ್ನೊಂದು ಎಡವಟ್ಟು, ಬೇಗ ಕೈಬಿಡುವುದು. ಪ್ರತಿಕ್ರಿಯೆ ಬರಲು ಮಧ್ಯಾಂಕವಾಗಿ ನಾಲ್ಕು ತಿಂಗಳು ಬೇಕು. ಒಳ್ಳೆಯ ಫಲ ಕಂಡವರಲ್ಲೇ ಸುಮಾರು ಅರ್ಧದಷ್ಟು ಜನರಿಗೆ ಮೊದಲು ಗಂಟು ಹಿಗ್ಗಿತ್ತು, ಇಲ್ಲವೇ ಹೊಸದು ಎದ್ದಿತ್ತು. ಊತದೊಳಗೆ ಉರಿಯೂತದ ಕೋಶಗಳು ತುಂಬಿಕೊಂಡಿರುತ್ತವೆ, ಹೊರಗಿನಿಂದ ಅದು ರೋಗ ಉಲ್ಬಣಿಸಿದಂತೆ ಕಾಣುತ್ತದೆ. ರೋಗಿಯ ಸ್ಥಿತಿ ತೀರಾ ಹದಗೆಡದಿದ್ದರೆ, ಬೇರೆ ಚಿಕಿತ್ಸೆ ತುರ್ತಾಗಿ ಬೇಕಿಲ್ಲದಿದ್ದರೆ, ಆರು ತಿಂಗಳು ಮುಂದುವರಿಸಬೇಕು ಎನ್ನುವುದು ಇದಕ್ಕೇ. ಅನುಮಾನವಿದ್ದರೆ ಬಯಾಪ್ಸಿ ಮಾಡಿ. ಕಪ್ಪು ಬಣ್ಣ ಉಳಿದ ಮಾತ್ರಕ್ಕೆ ಕ್ಯಾನ್ಸರ್ ಉಳಿದಿದೆ ಎಂದುಕೊಳ್ಳಬೇಡಿ, ಸತ್ತ ಕೋಶಗಳ ಮೆಲನಿನ್ನನ್ನು ನುಂಗಿದ ಮ್ಯಾಕ್ರೊಫೇಜ್ ಎಂಬ ರಕ್ಷಣಾ ಕೋಶಗಳೂ ಹಾಗೇ ಕಾಣುತ್ತವೆ.

ಬೇಸಲ್ ಸೆಲ್ ಕಾರ್ಸಿನೋಮ ಎಂಬ ಇನ್ನೊಂದು ಬಗೆಯ ಚರ್ಮದ ಕ್ಯಾನ್ಸರಿನ ಬಗ್ಗೆಯೂ ಕೆಲವರು ಕೇಳುತ್ತಾರೆ. ಅದು ಶಸ್ತ್ರಚಿಕಿತ್ಸೆಯಲ್ಲೇ ಬಹುಪಾಲು ವಾಸಿಯಾಗುತ್ತದೆ, ಅಲ್ಲಿ ಜೀವಂತ ವೈರಸ್ಸಿನ ಉಸಾಬರಿ ಬೇಕಿಲ್ಲ. ಮೇಲ್ಪದರದ ಬಗೆಗೆ ಹಚ್ಚುವ 5% ಇಮಿಕ್ವಿಮಾಡ್ ಕ್ರೀಮ್ ಸೂಕ್ಷ್ಮಜೀವಿಯಲ್ಲದಿದ್ದರೂ ವೈರಸ್ಸಿನ ಆರ್‌ಎನ್‌ಎಯನ್ನು ಗುರುತಿಸುವ ಟಿಎಲ್‌ಆರ್-7 ಗ್ರಾಹಕವನ್ನೇ ತಟ್ಟಿ ಎಬ್ಬಿಸುತ್ತದೆ. ವಾರಕ್ಕೆ ಐದು ದಿನ, ಆರು ವಾರ.

ಕೋಶಕುತೂಹಲಿ

ಇಬ್ಬರಿಗೂ ಧನ್ಯವಾದಗಳು. ಹಾಗಿದ್ದರೆ ಟಿ-ವೆಕ್ ಅನ್ನು ಪೆಂಬ್ರೊಲಿಜುಮ್ಯಾಬ್‌ನಂಥ ಪಿಡಿ-1 ಔಷಧಿಯ ಜೊತೆ ಕೊಟ್ಟರೆ ಎರಡರ ಬಲವೂ ಕೂಡುವುದಲ್ಲವೇ? ಪಿಡಿ-1 ಔಷಧಿ ಟಿ ಕೋಶಗಳ ಮೇಲಿನ ತಡೆ ತೆಗೆಯುತ್ತದೆ, ಟಿ-ವೆಕ್ ಆ ಕೋಶಗಳನ್ನು ಕರೆತರುತ್ತದೆ.

ಚರ್ಮತಜ್ಞೆ

ತರ್ಕ ಸರಿಯಾಗಿಯೇ ಇತ್ತು, 21 ರೋಗಿಗಳ ಮೊದಲ ಹಂತದಲ್ಲಿ 62% ಪ್ರತಿಕ್ರಿಯೆ ಕಂಡು ಎಲ್ಲರೂ ಹುರುಪುಗೊಂಡಿದ್ದರು. ಆಮೇಲೆ 692 ರೋಗಿಗಳ ಮಾಸ್ಟರ್‌ಕೀ-265 ಪ್ರಯೋಗದಲ್ಲಿ ಟಿ-ವೆಕ್ ಸೇರಿಸಿದ್ದರಿಂದ ಪೆಂಬ್ರೊಲಿಜುಮ್ಯಾಬ್ ಒಂದಕ್ಕಿಂತ ರೋಗ ತಡೆಯುವುದರಲ್ಲಾಗಲಿ ಆಯುಷ್ಯದಲ್ಲಾಗಲಿ ಖಚಿತ ಲಾಭ ಸಿಗಲಿಲ್ಲ. ಆಯುಷ್ಯದ ಅಪಾಯ ಅನುಪಾತ 0.96 (1 ಎಂದರೆ ಎರಡೂ ಗುಂಪು ಸಮ), ಅಂದರೆ ವ್ಯತ್ಯಾಸವೇ ಇಲ್ಲವೆನ್ನಬಹುದು. ಸಣ್ಣ ಪ್ರಯೋಗದ ಶೇಕಡಾವಾರು ಓದುವಾಗ ಇದನ್ನು ನೆನಪಿಡಿ.

ಎರಡು ದಾರಿಗಳು ಇನ್ನೂ ತೆರೆದಿವೆ. ಒಂದು, ಶಸ್ತ್ರಚಿಕಿತ್ಸೆಗೆ ಮುನ್ನ ಕೊಡುವುದು. 150 ರೋಗಿಗಳ ಪ್ರಯೋಗದಲ್ಲಿ ಆರು ಡೋಸ್ ಕೊಟ್ಟು ಆಮೇಲೆ ಗಡ್ಡೆ ತೆಗೆದಾಗ ಎರಡು ವರ್ಷ ರೋಗ ಮರುಕಳಿಸದೆ ಇದ್ದವರು 29.5%, ನೇರ ಶಸ್ತ್ರಚಿಕಿತ್ಸೆಯವರಲ್ಲಿ 16.5%. ಇನ್ನೊಂದು, ಪಿಡಿ-1 ಔಷಧಿ ಸೋತವರಿಗೆ ಆರ್‌ಪಿ1 ಎಂಬ ಬೇರೊಂದು ಮಾರ್ಪಡಿತ ಹರ್ಪಿಸ್ ವೈರಸ್ ಜೊತೆ ನಿವೊಲುಮ್ಯಾಬ್ ಎಂಬ ಪಿಡಿ-1 ಔಷಧಿ. 140 ರೋಗಿಗಳಲ್ಲಿ ಸುಮಾರು ಮೂರನೇ ಒಂದು ಪಾಲು ಸ್ಪಂದಿಸಿದರು. ಆದರೂ ಹೋಲಿಕೆಯ ಗುಂಪಿಲ್ಲದ ಪ್ರಯೋಗ ಸಾಲದೆಂದು ಎಫ್‌ಡಿಎ 2025ರ ಜುಲೈನಲ್ಲಿ ಅರ್ಜಿಯನ್ನು ಆ ರೂಪದಲ್ಲಿ ಒಪ್ಪದೆ ಹಿಂದಿರುಗಿಸಿತು.

ಲಾಟ್ವಿಯಾದ ರಿಗ್‌ವಿರ್ ಬಗ್ಗೆ ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ. ಎಕೊ-7 ಎಂಬ ಎಂಟರೊವೈರಸ್ಸಿನ ಆ ಮದ್ದು 2004ರಲ್ಲಿ ಅಲ್ಲಿ ನೋಂದಣಿಯಾಯಿತು. 2019ರಲ್ಲಿ ಪರೀಕ್ಷೆ ಮಾಡಿದಾಗ ವಯಲ್‌ನಲ್ಲಿ ಘೋಷಿಸಿದಷ್ಟು ವೈರಸ್ ಇಲ್ಲವೆಂದು ಕಂಡು ವಿತರಣೆ ನಿಲ್ಲಿಸಲಾಯಿತು. ಅದರ ಹೆಸರಿನಲ್ಲಿ ಆಸೆ ಹುಟ್ಟಿಸುವ ಜಾಹೀರಾತುಗಳನ್ನು ನಂಬಬೇಡಿ.

ಇಮ್ಯುನೊ_ಲ್ಯಾಬ್

ಬ್ಯಾಕ್ಟೀರಿಯಾ ಭಾಗ ನನಗಿರಲಿ.

ಹಳೆಯದು ವಿಲಿಯಂ ಕೋಲಿಯವರದು. ನ್ಯೂಯಾರ್ಕಿನ ಈ ಶಸ್ತ್ರಚಿಕಿತ್ಸಕರು 1891ರಲ್ಲಿ ಜೀವಂತ ಸ್ಟ್ರೆಪ್ಟೊಕಾಕಸ್ ಚುಚ್ಚಿ, ಆಮೇಲೆ ಅದರ ಅಪಾಯ ಕಂಡು ಸತ್ತ ಸ್ಟ್ರೆಪ್ಟೊಕಾಕಸ್ ಮತ್ತು ಸೆರಾಶಿಯಾ ಮಿಶ್ರಣಕ್ಕೆ ಬದಲಿಸಿದರು. ಅವರ ರೋಗಿಗಳಲ್ಲಿ ಬಹುತೇಕರಿಗೆ ಸಾರ್ಕೋಮ (ಮೂಳೆ, ಸ್ನಾಯುವಿನಂಥ ಭಾಗಗಳ ಕ್ಯಾನ್ಸರ್) ಇತ್ತು, ಮಿಶ್ರಣದ ಬಲ ಒಂದೊಂದು ತಯಾರಿಕೆಯಲ್ಲಿ ಒಂದೊಂದು ತರ ಇತ್ತು. ಆದ್ದರಿಂದ ಇಂದಿನ ಚಿಕಿತ್ಸೆಗೆ ಅದರಿಂದ ಸಂಖ್ಯೆಗಳನ್ನು ಎತ್ತಿಕೊಳ್ಳಲು ಆಗುವುದಿಲ್ಲ.

ಮೆಲನೋಮಕ್ಕೆ ನೇರ ಸಂಬಂಧಪಟ್ಟದ್ದು ಬಿಸಿಜಿ, ಕ್ಷಯದ ಲಸಿಕೆಯಲ್ಲಿರುವ ದುರ್ಬಲಗೊಳಿಸಿದ ಬ್ಯಾಕ್ಟೀರಿಯಾ. 1970ರ ದಶಕದಲ್ಲಿ ಡೊನಾಲ್ಡ್ ಮಾರ್ಟನ್ ಮತ್ತು ಸಂಗಡಿಗರು ಚರ್ಮದ ಮೆಲನೋಮ ಗಂಟುಗಳಿಗೆ ಅದನ್ನು ಚುಚ್ಚಿದರು. ಪ್ರತಿರಕ್ಷೆ ಚೆನ್ನಾಗಿದ್ದವರಲ್ಲಿ ಚುಚ್ಚಿದ ಗಂಟುಗಳ ಪೈಕಿ ಸುಮಾರು 90% ಕರಗಿದವು, ಚುಚ್ಚದವುಗಳಲ್ಲಿ ಸುಮಾರು 17%. ಒಳ ಅಂಗಗಳಿಗೆ ಹರಡಿದ ರೋಗದ ಮೇಲೆ ಏನೂ ಆಗಲಿಲ್ಲವೆನ್ನುವಷ್ಟು ಕಡಿಮೆ. ಟಿ-ವೆಕ್‌ನ ಚಿತ್ರ ಇದಕ್ಕೆ ಎಷ್ಟು ಹತ್ತಿರವಿದೆ ನೋಡಿ. ಸೂಕ್ಷ್ಮಜೀವಿ ಯಾವುದೇ ಇರಲಿ, ಗಂಟಿನ ಬಳಿಯೇ ಪ್ರತಿರಕ್ಷೆಯನ್ನು ಕೆರಳಿಸುವುದು ಅದರ ಮುಖ್ಯ ಕೆಲಸ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಂಡಿಲ್ಲ.

ಹಾಗಾದರೆ ಬಿಸಿಜಿ ಯಾಕೆ ಹಿಂದೆ ಬಿತ್ತು? ಚುಚ್ಚಿದ ಜಾಗದಲ್ಲಿ ವಾರಗಟ್ಟಲೆ ವಾಸಿಯಾಗದ ಹುಣ್ಣು, ತೀವ್ರ ಜ್ವರ, ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಯಕೃತ್ತು ಮತ್ತು ಶ್ವಾಸಕೋಶಕ್ಕೆ ಹರಡುವುದು. ಮತ್ತೆ ಮತ್ತೆ ಚುಚ್ಚಿದಾಗ ಅನಾಫಿಲ್ಯಾಕ್ಸಿಸ್ (ಜೀವಕ್ಕೇ ಎರವಾಗುವ ಅಲರ್ಜಿ) ಆಗಿ ಸಾವುಗಳೂ ಸಂಭವಿಸಿವೆ. ಮೊದಲೇ ಕ್ಷಯದ ಪ್ರತಿರಕ್ಷೆ ಇರುವವರಲ್ಲಿ, ಅಂದರೆ ಮ್ಯಾಂಟೋ ಪರೀಕ್ಷೆ ಪಾಸಿಟಿವ್ ಇದ್ದವರಲ್ಲಿ, ಪ್ರತಿಕ್ರಿಯೆ ಇನ್ನೂ ಉಗ್ರ. ಶಸ್ತ್ರಚಿಕಿತ್ಸೆಯ ನಂತರ ಮರುಕಳಿಸದಿರಲೆಂದು ಕೊಟ್ಟ ದೊಡ್ಡ ಪ್ರಯೋಗಗಳಲ್ಲಿ ಲಾಭವೂ ಕಾಣಲಿಲ್ಲ. ಮೂತ್ರಕೋಶದ ಕ್ಯಾನ್ಸರಿನಲ್ಲಿ ಅದೇ ಬಿಸಿಜಿ ಇಂದಿಗೂ ಗಟ್ಟಿಯಾಗಿ ನಿಂತಿದೆ. ಅಲ್ಲಿ ಮದ್ದನ್ನು ಒಳಪದರಕ್ಕೆ ತಾಗುವಂತೆ ತುಂಬಿ ಎರಡು ಗಂಟೆಯ ನಂತರ ಹೊರಹಾಕಬಹುದು. ಚರ್ಮದ ಗಂಟಿಗೆ ಚುಚ್ಚಿದ್ದನ್ನು ವಾಪಸ್ ತೆಗೆಯಲು ಬರುವುದಿಲ್ಲ.

ರಕ್ತನಾಳದ ಮೂಲಕ ಬ್ಯಾಕ್ಟೀರಿಯಾ ಕಳಿಸುವ ಪ್ರಯತ್ನಕ್ಕೆ ಪಾಠದಂಥ ಉದಾಹರಣೆ ವಿಎನ್‌ಪಿ20009 ಎಂಬ ಸಾಲ್ಮೊನೆಲ್ಲಾ. ಇಲಿಗಳಲ್ಲಿ ಅದು ಯಕೃತ್ತಿಗಿಂತ ಗಡ್ಡೆಯಲ್ಲಿ ಸಾವಿರ ಪಟ್ಟು ಹೆಚ್ಚು ಸೇರಿಕೊಳ್ಳುತ್ತಿತ್ತು. 2002ರಲ್ಲಿ ಪ್ರಕಟವಾದ ಮಾನವ ಪ್ರಯೋಗದಲ್ಲಿ 25 ರೋಗಿಗಳಿದ್ದರು, ಅವರಲ್ಲಿ 24 ಮಂದಿಗೆ ಮೆಲನೋಮ. ತಾಳಿಕೊಳ್ಳಬಲ್ಲ ಗರಿಷ್ಠ ಡೋಸ್ ದೇಹದ ಮೇಲ್ಮೈಯ ಚದರ ಮೀಟರಿಗೆ 30 ಕೋಟಿ ಬ್ಯಾಕ್ಟೀರಿಯಾ. ಗಡ್ಡೆಯಲ್ಲಿ ನೆಲೆಸಿದ್ದು ಮೂವರಲ್ಲಿ ಮಾತ್ರ, ಗಡ್ಡೆ ಕುಗ್ಗಿದ್ದು ಯಾರಲ್ಲೂ ಇಲ್ಲ. ವಿಷಾಂಶ ತಗ್ಗಿಸಲು ಅದರ ಹೊರಪೊರೆಯ ಲಿಪಿಡ್-ಎ ಯನ್ನು ಮಾರ್ಪಡಿಸಿದ್ದರು, ಮನುಷ್ಯರ ರಕ್ತದಿಂದ ಅದು ಬೇಗನೆ ತೊಳೆದುಹೋಯಿತು. ಡೋಸ್ ಏರಿಸೋಣವೆಂದರೆ ಜ್ವರ, ರಕ್ತದೊತ್ತಡ ಕುಸಿತ. ಈ ಬಿಕ್ಕಟ್ಟು ಇನ್ನೂ ಪೂರ್ತಿ ಬಿಡಿಸಿಲ್ಲ. ಆಮ್ಲಜನಕ ಇಲ್ಲದೆಡೆ ಮಾತ್ರ ಮೊಳೆಯುವ ಕ್ಲಾಸ್ಟ್ರಿಡಿಯಂ ಬೀಜಾಣುಗಳಿಗೂ ಚರ್ಮದ ಪುಟ್ಟ ಗಂಟುಗಳು ಹೊಂದುವುದಿಲ್ಲ, ಅವಕ್ಕೆ ಬೇಕಾದ ಉಸಿರುಗಟ್ಟಿದ ಒಳಭಾಗ ದೊಡ್ಡ ಗಡ್ಡೆಗಳಲ್ಲೇ ಹೆಚ್ಚು.

ನನಗೆ ತುಂಬ ಆಸಕ್ತಿ ಹುಟ್ಟಿಸುವುದು ಚರ್ಮದ ಮೇಲೇ ವಾಸಿಸುವ ಸ್ಟ್ಯಾಫಿಲೊಕಾಕಸ್ ಎಪಿಡರ್ಮಿಡಿಸ್. 2018ರಲ್ಲಿ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ ಇದರ ಒಂದು ತಳಿ 6-ಎಚ್‌ಎಪಿ ಎಂಬ ಅಣು ತಯಾರಿಸುವುದನ್ನು ಕಂಡಿತು. ಡಿಎನ್‌ಎಯ ಅಡೆನಿನ್ ಅನ್ನು ಹೋಲುವ ಇದು ಗಡ್ಡೆಯ ಕೋಶಗಳಲ್ಲಿ ಡಿಎನ್‌ಎ ನಕಲನ್ನು ತಡೆಯುತ್ತದೆ. ಸಾಮಾನ್ಯ ಚರ್ಮಕೋಶಗಳಲ್ಲಿ ಅದನ್ನು ನಿರ್ವಿಷ ಮಾಡುವ ಕಿಣ್ವವಿದೆ. ಈ ತಳಿಯನ್ನು ಹಚ್ಚಿದ ಇಲಿಗಳಲ್ಲಿ ಅತಿನೇರಳೆ ಕಿರಣದಿಂದ ಏಳುವ ಗಂಟುಗಳು ಕಡಿಮೆಯಾದವು. 2023ರಲ್ಲಿ ಸ್ಟ್ಯಾನ್‌ಫರ್ಡ್ ತಂಡ ಇದೇ ಜಾತಿಯ ಬ್ಯಾಕ್ಟೀರಿಯಾಕ್ಕೆ ಗಡ್ಡೆಯ ಗುರುತಿನ ತುಣುಕನ್ನು ಸೇರಿಸಿ ಇಲಿಯ ಚರ್ಮಕ್ಕೆ ಬರೀ ಸವರಿತು. ಗಾಯವಿಲ್ಲ, ಸೋಂಕಿಲ್ಲ, ಆದರೂ ಟಿ ಕೋಶಗಳು ಹುಟ್ಟಿ ಮೆಲನೋಮ ಗಡ್ಡೆಯನ್ನು ತಡೆದವು. ಎರಡೂ ಇಲಿಗಳ ಮಾತು. ಇಲಿಯ ಗಡ್ಡೆಗೆ ಕೃತಕವಾಗಿ ಸೇರಿಸಿದ, ಎದ್ದು ಕಾಣುವ ಗುರುತಿನ ಮೇಲೆ ಪ್ರಯೋಗದ ಬಹುಭಾಗ ನಿಂತಿದೆ. ಮನುಷ್ಯರ ಗಡ್ಡೆಯಲ್ಲಿ ಗುರುತುಗಳು ಅಷ್ಟು ಸ್ಪಷ್ಟವಾಗಿರುವುದಿಲ್ಲ, ರೋಗಿಯಿಂದ ರೋಗಿಗೆ ಬೇರೆ. ಕ್ಯಾಥೆಟರ್, ಕೃತಕ ಕವಾಟ ಇರುವವರಲ್ಲಿ ಇದೇ ಎಪಿಡರ್ಮಿಡಿಸ್ ಗಂಭೀರ ಸೋಂಕು ತರುತ್ತದೆ. "ಒಳ್ಳೆಯ ಬ್ಯಾಕ್ಟೀರಿಯಾ" ಕ್ರೀಮು ಹಚ್ಚಿ ಮಚ್ಚೆ ಕರಗಿಸುತ್ತೇವೆ ಎನ್ನುವವರನ್ನು ದೂರವಿಡಿ. ಆಕಾರ ಅಥವಾ ಬಣ್ಣ ಬದಲಾದ ಮಚ್ಚೆಯನ್ನು ಕತ್ತರಿಸಿ ಪರೀಕ್ಷೆಗೆ ಕಳಿಸಬೇಕು.

ಕೋಶಕುತೂಹಲಿ

ಕರುಳಿನ ಬ್ಯಾಕ್ಟೀರಿಯಾ ಬದಲಿಸಿದರೆ ಮೆಲನೋಮದ ಇಮ್ಯುನೊಥೆರಪಿ (ಪಿಡಿ-1 ಔಷಧಿಯಂಥ, ಪ್ರತಿರಕ್ಷೆಯನ್ನು ಎಬ್ಬಿಸುವ ಚಿಕಿತ್ಸೆ) ಹೆಚ್ಚು ಫಲಿಸುತ್ತದಂತೆ. ಪ್ರೊಬಯಾಟಿಕ್ ಮಾತ್ರೆ ಸಾಕೇ?

ಇಮ್ಯುನೊ_ಲ್ಯಾಬ್

ಸಾಲದು, ಹಾನಿಯೂ ಆಗಬಹುದು. 2021ರ ಡಿಸೆಂಬರಿನಲ್ಲಿ ಬಂದ ಅಧ್ಯಯನದಲ್ಲಿ ಅಂಗಡಿಯ ಪ್ರೊಬಯಾಟಿಕ್ ಕೊಟ್ಟ ಇಲಿಗಳಲ್ಲಿ ಪಿಡಿ-1 ಚಿಕಿತ್ಸೆಯ ಫಲ ಕುಗ್ಗಿತು, ಗಡ್ಡೆಯೊಳಗೆ ಟಿ ಕೋಶಗಳು ಕಡಿಮೆಯಾದವು. ಒಂದೆರಡು ತಳಿಗಳೇ ಕರುಳನ್ನು ಆಕ್ರಮಿಸಿಕೊಂಡರೆ ವೈವಿಧ್ಯ ಹೋಗುತ್ತದೆ. ಅದೇ ಅಧ್ಯಯನದಲ್ಲಿ ದಿನಕ್ಕೆ 20 ಗ್ರಾಂ ಅಥವಾ ಹೆಚ್ಚು ನಾರಿನಂಶ ತಿನ್ನುತ್ತಿದ್ದ ರೋಗಿಗಳಲ್ಲಿ ರೋಗ ಮುಂದುವರಿಯುವುದು ತಡವಾಗಿತ್ತು. ಅದು ನಂಟು ಮಾತ್ರ, ನಾರು ತಿಂದದ್ದಕ್ಕೇ ಹಾಗಾಯಿತೆಂಬ ಪುರಾವೆಯಲ್ಲ. ಆದರೂ ಕರುಳಿನ ತೊಂದರೆ ಇಲ್ಲದವರು ನಾರಿನ ಆಹಾರ ಹೆಚ್ಚಿಸಿದರೆ ನಷ್ಟವೇನಿಲ್ಲ.

ಮನುಷ್ಯರಲ್ಲಿ ಸಾಕ್ಷ್ಯ ಇರುವುದು ಮಲ ಕಸಿಗೆ, ಅಂದರೆ ದಾನಿಯ ಮಲದಲ್ಲಿರುವ ಬ್ಯಾಕ್ಟೀರಿಯಾವನ್ನು ರೋಗಿಯ ಕರುಳಿಗೆ ಸೇರಿಸುವುದಕ್ಕೆ. 2021ರ ಫೆಬ್ರವರಿಯಲ್ಲಿ ಎರಡು ತಂಡಗಳ ಫಲಿತಾಂಶ ಬಂತು. ಇಸ್ರೇಲಿನಲ್ಲಿ ಪಿಡಿ-1 ಸೋತ 10 ರೋಗಿಗಳಲ್ಲಿ ಮೂವರು, ಪಿಟ್ಸ್‌ಬರ್ಗಿನಲ್ಲಿ 15ರಲ್ಲಿ ಆರು ಮಂದಿ ಕಸಿಯ ನಂತರ ಲಾಭ ಪಡೆದರು. ಇಸ್ರೇಲಿನ ಕ್ರಮ ಹೀಗಿತ್ತು: ಬಾಯಿಯ ಮೂಲಕ 72 ಗಂಟೆ ವ್ಯಾಂಕೊಮೈಸಿನ್ ಮತ್ತು ನಿಯೊಮೈಸಿನ್ ಕೊಟ್ಟು ಹಳೆಯ ಬ್ಯಾಕ್ಟೀರಿಯಾ ತಗ್ಗಿಸಿ, ಕೊಲೊನೋಸ್ಕೋಪಿಯಲ್ಲಿ ದಾನಿಯ ಮಲದ ದ್ರಾವಣ ಬಿಟ್ಟು, ಆಮೇಲೆ ಕ್ಯಾಪ್ಸೂಲ್‌ಗಳಿಂದ ಮುಂದುವರಿಸಿ, ಪಿಡಿ-1 ಔಷಧಿಯನ್ನು ಮತ್ತೆ ಶುರುಮಾಡುವುದು. ದಾನಿಗಳು ಅದೇ ಚಿಕಿತ್ಸೆಯಲ್ಲಿ ಮೆಲನೋಮ ಪೂರ್ತಿ ಮಾಯವಾದವರು. ಒಬ್ಬ ದಾನಿಯಿಂದ ಫಲ ಸಿಕ್ಕು ಇನ್ನೊಬ್ಬರಿಂದ ಸಿಗದ ಕಾರಣ ದಾನಿಯ ಆಯ್ಕೆ ಮುಖ್ಯ. 2023ರಲ್ಲಿ ಕೆನಡಾದ ತಂಡ ಆರೋಗ್ಯವಂತ ದಾನಿಗಳಿಂದ ಪಡೆದು, ಮೊದಲ ಸಲ ಚಿಕಿತ್ಸೆ ಪಡೆಯುವ 20 ಮಂದಿಗೆ ಕೊಟ್ಟಾಗ 13 ಮಂದಿ ಸ್ಪಂದಿಸಿದರು. ಹೋಲಿಕೆಯ ಗುಂಪು ಇಲ್ಲದ್ದರಿಂದ ಇದರಲ್ಲಿ ಕಸಿಯ ಪಾಲು ಎಷ್ಟೆಂದು ಬಿಡಿಸಿ ಹೇಳಲಾಗದು.

ಇದನ್ನು ಪ್ರಯೋಗದ ಹೊರಗೆ, ಪರಿಚಯದವರ ಮಲ ಪಡೆದು ಮಾಡುವುದು ಅಪಾಯ. ಕಸಿಯಲ್ಲಿ ಬಹು ಔಷಧಿಗಳಿಗೆ ಬಗ್ಗದ ಇ. ಕೊಲಿ ದಾಟಿ ಇಬ್ಬರು ಕಾಯಿಲೆ ಬಿದ್ದರೆಂದೂ ಒಬ್ಬರು ತೀರಿಕೊಂಡರೆಂದೂ 2019ರಲ್ಲಿ ಎಫ್‌ಡಿಎ ಎಚ್ಚರಿಸಿತು. ಆ ದಾನಿಯ ಮಲವನ್ನು ಅಂಥ ಬ್ಯಾಕ್ಟೀರಿಯಾಕ್ಕಾಗಿ ಪರೀಕ್ಷಿಸಿರಲಿಲ್ಲ.

ಆಂಕೊ_ಫಾರ್ಮಸಿ

ಇದಕ್ಕೆ ಒಂದು ಸೇರ್ಪಡೆ. ಇಮ್ಯುನೊಥೆರಪಿ ಶುರುವಾಗುವ ಮುನ್ನಿನ ವಾರಗಳಲ್ಲಿ ಆಂಟಿಬಯಾಟಿಕ್ ಪಡೆದವರಲ್ಲಿ ಫಲ ಕಡಿಮೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಕಾಯಿಲೆ ಹೆಚ್ಚಿದ್ದವರೇ ಆಂಟಿಬಯಾಟಿಕ್ ಪಡೆದಿರುವುದು ಕೂಡ ಅದಕ್ಕೆ ಭಾಗಶಃ ಕಾರಣವಿರಬಹುದು. ವೈರಸ್ ಜ್ವರಕ್ಕೆ, ನೆಗಡಿಗೆ ಆಂಟಿಬಯಾಟಿಕ್ ಬೇಡ. ನಿಜವಾದ ಬ್ಯಾಕ್ಟೀರಿಯಾ ಸೋಂಕಿಗೆ, ಉದಾಹರಣೆಗೆ ಟಿ-ವೆಕ್ ಚುಚ್ಚಿದ ಜಾಗದ ಸೆಲ್ಯುಲೈಟಿಸ್ ಎಂಬ ಚರ್ಮದ ಸೋಂಕಿಗೆ, ಕೊಡದೆ ಇರಬೇಡಿ. ಚುಚ್ಚಿದ ಮರುದಿನದ ಕೆಂಪು, ಚಳಿ, ಜ್ವರ ಹೆಚ್ಚಾಗಿ ವೈರಸ್ಸಿನದೇ, ಒಂದೆರಡು ದಿನದಲ್ಲಿ ಪ್ಯಾರಾಸಿಟಮಾಲ್‌ಗೆ ಇಳಿಯುತ್ತದೆ. ಮೂರನೇ ದಿನದ ಮೇಲೂ ಕೆಂಪು ಹರಡುತ್ತ ಹೋದರೆ, ನೋವು ಏರಿದರೆ, ಕೀವು ಕಂಡರೆ ಅದೇ ದಿನ ಚಿಕಿತ್ಸಾ ತಂಡಕ್ಕೆ ತೋರಿಸಬೇಕು. ಕೆಂಪಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಸಮಯ ಬರೆದಿಟ್ಟರೆ ಹರಡುತ್ತಿದೆಯೇ ಎಂದು ತಿಳಿಯುವುದು ಸುಲಭ. ನೀರುಗುಳ್ಳೆ ಕಂಡರೆ ಸ್ವ್ಯಾಬ್ ತೆಗೆದು ಪಿಸಿಆರ್‌ಗೆ ಕಳಿಸಿ, ಅದು ಕಾಡು ವೈರಸ್ಸೋ ಟಿ-ವೆಕ್ಕೋ ಎಂದು ಬೇರ್ಪಡಿಸಿ ನೋಡಲು ಆಗುತ್ತದೆ.